ಮ್ಯಾರಿಸ್ ಆಟರ್ ಬಾರ್ಲಿಯೂ ನಮ್ಮ ಎಸ್. 795 ಗಿಡಗಳೂ

ಹಳೆಯ ತಳಿಯ ಗಿಡಗಳನ್ನು ಕಿತ್ತು ಹೊಸದನ್ನು ನೆಡುವುದೇ, ಇದ್ದುದನ್ನೇ ಕಾಪಾಡಿಕೊಂಡು ಹೋಗುವುದೇ ಎಂಬ ಪ್ರಶ್ನೆ ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರ ಮಾತಿನಲ್ಲಿ ಈಚೆಗೆ ಪದೇ ಪದೇ ಕೇಳಿಬರುತ್ತಿದೆ. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದ ಮೇಲಂತೂ, ಮೂರು ನಾಲ್ಕು ಎಕರೆ ಎಸ್. 795 ಇಟ್ಟುಕೊಂಡವರು "ಇನ್ನು ಈ ಅರಾಬಿಕಾದ ಸಹವಾಸ ಸಾಕು" ಎನ್ನುವುದು ಸಾಮಾನ್ಯವಾಗಿದೆ. ಬೋರರ್ ಕಾಟ, ಎಲೆ ತುಕ್ಕು, ಕೊಯ್ಲಿಗೆ ಜನ ಸಿಗದಿರುವುದು ಇವೆಲ್ಲ ಅವರು ಕಟ್ಟಿ ಹೇಳುವ ಮಾತುಗಳಲ್ಲ. ಆದರೂ ಕೊಡಲಿ ಎತ್ತುವ ಮೊದಲು ಒಂದು ವಿಷಯವನ್ನು ಸದಸ್ಯರ ಮುಂದಿಡಬೇಕೆಂದು ನಮಗೆ ತೋರುತ್ತದೆ. ಅದು ಕಾಫಿಯದೂ ಅಲ್ಲ, ಅಡಿಕೆಯದೂ ಅಲ್ಲ. ಇಂಗ್ಲೆಂಡಿನ ಒಂದು ಬಾರ್ಲಿ ತಳಿಯ ವಿಷಯ. ತಳಿಯ ಹೆಸರು ಮ್ಯಾರಿಸ್ ಆಟರ್.

ಬಾರ್ಲಿ ಎಂದರೆ ನಮ್ಮ ಜವೆಗೋಧಿ. ಜ್ವರ ಬಿಟ್ಟವರಿಗೆ, ಉರಿಮೂತ್ರದವರಿಗೆ ಅದರ ನೀರು ಕಾಯಿಸಿ ಕೊಡುವುದೊಂದನ್ನು ಬಿಟ್ಟರೆ ಮಲೆನಾಡಿನ ಅಡುಗೆಮನೆಗೆ ಅದರ ಪರಿಚಯ ಅಷ್ಟಕ್ಕಷ್ಟೇ. ಇಂಗ್ಲೆಂಡಿನಲ್ಲಿ ಅದರ ಒಳ್ಳೆಯ ಕಾಳು ಬಿಯರ್ ಮಾಡಲು ಹೋಗುತ್ತದೆ, ಉಳಿದದ್ದು ದನ ಹಂದಿಗಳ ಮೇವಿಗೆ. ಸಹಕಾರ ಸಂಘದ ಪತ್ರಿಕೆಯಲ್ಲಿ ಬಿಯರಿನ ಮಾತೇ ಎಂದು ಹಿರಿಯರು ಹುಬ್ಬು ಗಂಟಿಕ್ಕದಿರಲಿ. ಕುಡಿಯುವವರ ವಿಚಾರ ನಮಗೆ ಬೇಡ, ಬೆಳೆಯುವವರ ವಿಚಾರ ಮಾತ್ರ ಇಲ್ಲಿದೆ.

ಮಾಲ್ಟ್ ಎಂದರೇನೆಂದು ರಾಗಿ ಮಾಲ್ಟ್ ಮಾಡುವ ಮನೆಗಳಿಗೆ ಹೇಳಬೇಕಾಗಿಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದಮೇಲೆ ಒಣಗಿಸಿ ಹುರಿದು ಬೀಸುತ್ತೇವೆ. ಬಾರ್ಲಿಯದೂ ಅದೇ ಕ್ರಮ. ಎರಡು ದಿನ ನೆನೆಸುವುದು, ನಾಲ್ಕೈದು ದಿನ ಮೊಳೆಯಲು ಬಿಡುವುದು, ಆಮೇಲೆ ಗೂಡಿನಲ್ಲಿ ಬಿಸಿಗಾಳಿ ಹಾಯಿಸಿ ಒಣಗಿಸುವುದು. ಮೊಳೆಯುವಾಗ ಕಾಳಿನೊಳಗಿನ ಪಿಷ್ಟ ಸಡಿಲಗೊಂಡು, ಅದನ್ನು ಸಕ್ಕರೆಯಾಗಿಸುವ ಕಿಣ್ವಗಳು ಹುಟ್ಟುತ್ತವೆ. ಹೀಗಾಗಿ ಮಾಲ್ಟ್ ಮಾಡುವವನಿಗೆ ಮೊದಲು ಬೇಕಾದದ್ದು ಜೀವವಿರುವ ಕಾಳು. ನೂರಕ್ಕೆ 98 ಕಾಳಾದರೂ ಮೊಳೆಯಬೇಕೆಂದು ಅವನು ಪಟ್ಟು ಹಿಡಿಯುತ್ತಾನೆ. ಎರಡನೆಯದಾಗಿ ಕಾಳಿನಲ್ಲಿ ಸಾರಜನಕ ಕಡಿಮೆ ಇರಬೇಕು. ಸಾರಜನಕ ಹೆಚ್ಚಿದರೆ ಪ್ರೋಟೀನು ಹೆಚ್ಚು, ಪ್ರೋಟೀನು ಹೆಚ್ಚಿದಷ್ಟೂ ಪಿಷ್ಟಕ್ಕೆ ಜಾಗ ಕಡಿಮೆ, ಬಿಯರೂ ಮಬ್ಬಾಗುತ್ತದೆ. ಇಂಗ್ಲೆಂಡಿನ ಏಲ್ ಎಂಬ ಬಗೆಯ ಬಿಯರಿಗೆ ಹೋಗುವ ಬಾರ್ಲಿಯಲ್ಲಿ ಸಾರಜನಕ ನೂರಕ್ಕೆ 1.65ನ್ನು ಮೀರಬಾರದೆಂದು ಸಾಮಾನ್ಯವಾಗಿ ಕರಾರಿರುತ್ತದೆ. ಪ್ರೋಟೀನಿನ ಲೆಕ್ಕದಲ್ಲಿ ಅದು ನೂರಕ್ಕೆ ಹತ್ತರ ಆಸುಪಾಸು.

ಚಳಿಗಾಲದ ಬಾರ್ಲಿ ಎಂಬ ಮಾತನ್ನೂ ಇಲ್ಲಿ ಬಿಡಿಸಿ ಹೇಳಬೇಕು. ರಾಜಸ್ಥಾನ, ಹರಿಯಾಣ, ಉತ್ತರ ಪ್ರದೇಶಗಳಲ್ಲಿ ನವೆಂಬರಿನಲ್ಲಿ ಬಿತ್ತಿ ಏಪ್ರಿಲ್ ಹೊತ್ತಿಗೆ ಕೊಯ್ಯುವ ಹಿಂಗಾರಿ ಬಾರ್ಲಿ ಚಳಿಯಲ್ಲಿ ಬೆಳೆದರೂ ಜಾತಿಯಿಂದ ವಸಂತದ ಬಾರ್ಲಿ. ತೆನೆ ಹಾಯಲು ಅದಕ್ಕೆ ದೀರ್ಘ ಚಳಿಯ ಹಂಗಿಲ್ಲ. ಯೂರೋಪಿನ ಚಳಿಗಾಲದ ಬಾರ್ಲಿಯ ಗುಣವೇ ಬೇರೆ. ಅದನ್ನು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನೊಳಗೆ ಬಿತ್ತುತ್ತಾರೆ. ಮೊಳೆತ ಪೈರು ಹಲವು ವಾರ ಕೊರೆಯುವ ಚಳಿ ಕುಡಿದ ಮೇಲೆಯೇ ತೆನೆಯ ಯೋಚನೆ ಮಾಡುತ್ತದೆ. ಚಳಿ ಸಾಲದಿದ್ದರೆ ಸೊಪ್ಪು ಬೆಳೆದು ಅಲ್ಲಿಗೇ ನಿಲ್ಲುತ್ತದೆ. ನಮ್ಮ ಕಾಫಿ ಮೊಗ್ಗು ಬೇಸಗೆಯ ಒಣಹವೆ ಅನುಭವಿಸಿದ ಮೇಲೆ ಹೂಮಳೆಗೆ ಕಾದು ಕೂತಿರುವಂತೆಯೇ ಇದೂ ಒಂದು ಕಾಯುವಿಕೆ. ಹೀಗೆ ಬೇಗ ಬಿತ್ತಿದ ಬೆಳೆ ಬೇಗ ಬರುತ್ತದೆ. ಜುಲೈ ನಡುವಿನಲ್ಲಿ, ವಸಂತದ ಬಾರ್ಲಿಗಿಂತ ಮೊದಲೇ ಕೊಯ್ಲು. ಅಲ್ಲಿನ ರೈತನಿಗೆ ಯಂತ್ರಕ್ಕೂ ಆಳಿಗೂ ಒಂದೇ ವಾರದಲ್ಲಿ ಪರದಾಡುವುದು ತಪ್ಪುತ್ತದೆ.

ಆದರೆ ಬಹುಕಾಲ ಚಳಿಗಾಲದ ಬಾರ್ಲಿ ಎಂದರೆ ಮೇವು, ಮಾಲ್ಟಿಗೆ ವಸಂತದ ಬಾರ್ಲಿ ಎಂಬ ನಂಬಿಕೆ ಅಲ್ಲಿ ಬಲವಾಗಿತ್ತು. ಅದನ್ನು ಬದಲಿಸಿದವರು ಕೇಂಬ್ರಿಜ್‌ನ ಸಸ್ಯ ತಳಿ ಸಂಸ್ಥೆಯ ಡಾ. ಜಿ. ಡಿ. ಎಚ್. ಬೆಲ್ ಮತ್ತು ಸಂಗಡಿಗರು. ಮಾಲ್ಟಿಗೆ ಹೆಸರಾಗಿದ್ದ ಪ್ರಾಕ್ಟರ್ ಎಂಬ ವಸಂತದ ತಳಿಯನ್ನೂ, ಚಳಿ ತಡೆಯುವ ಪಯೊನೀರ್ ಎಂಬ ತಳಿಯನ್ನೂ ಕೂಡಿಸಿ ಅವರು ಎಬ್ಬಿಸಿದ ಎರಡು ಸಾಲಿನ ತೆನೆಯ ತಳಿಯೇ ಮ್ಯಾರಿಸ್ ಆಟರ್. 1960ರ ದಶಕದ ನಡುವಿನಲ್ಲಿ ಅದು ರೈತರ ಕೈಗೆ ಬಂತು. ಸಂಸ್ಥೆಯಿದ್ದ ಟ್ರಂಪಿಂಗ್ಟನ್ ಎಂಬಲ್ಲಿ ಮ್ಯಾರಿಸ್ ಲೇನ್ ಎಂಬ ಓಣಿಯಿದೆ. ಆ ಓಣಿಯ ಹೆಸರನ್ನೇ ತಮ್ಮ ತಳಿಗಳ ಮನೆತನದ ಹೆಸರಾಗಿ ಇಟ್ಟರು. ಮ್ಯಾರಿಸ್ ಪೈಪರ್ ಎಂಬ ಆಲೂಗಡ್ಡೆ ಇದೇ ಮನೆಯದು. ಇಂದಿಗೂ ಅಲ್ಲಿನ ಅಂಗಡಿಗಳಲ್ಲಿ ಜನ ಹೆಸರು ಹಿಡಿದು ಕೇಳಿ ಕೊಳ್ಳುತ್ತಾರೆ. ಮ್ಯಾರಿಸ್ ವಿಜನ್ ಎಂಬ ಗೋಧಿಯನ್ನು ಕಾಳಿಗಿಂತ ಹೆಚ್ಚಾಗಿ ಮನೆ ಹೊದಿಸುವ ಹುಲ್ಲಿಗಾಗಿ ಇನ್ನೂ ಬೆಳೆಯುತ್ತಾರೆ. ಸೋಗೆ ಹೊದಿಸಿದ ಮನೆಗಳನ್ನು ಕಂಡ ನಮಗೆ ಇದು ಸೋಜಿಗವೆನಿಸದು.

ಈ ಬಾರ್ಲಿಗೆ ಹೇಳಿ ಮಾಡಿಸಿದ ಸೀಮೆ ಎಂದರೆ ಇಂಗ್ಲೆಂಡಿನ ಪೂರ್ವ ಅಂಚಿನ ನಾರ್ಫಕ್, ಅದರಲ್ಲೂ ಸಮುದ್ರಕ್ಕೆ ಹತ್ತಿರದ ಉತ್ತರ ಭಾಗ. ಮರಳು ಬೆರೆತ ಹಗುರ ಮಣ್ಣು. ಮಳೆ ವರ್ಷಕ್ಕೆ 26 ಅಂಗುಲದ ಸುಮಾರು. ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಬಿದ್ದು ಹೋಗುವುದುಂಟು. ಹಗುರ ಮಣ್ಣಿನಲ್ಲಿ ಗೊಬ್ಬರದ ಸತ್ವ ನಿಲ್ಲದು ಎಂದು ನಾವು ಗೊಣಗುತ್ತೇವೆ. ಮಾಲ್ಟ್ ಬಾರ್ಲಿಯವನಿಗೆ ಆ ಕೊರತೆಯೇ ಅನುಕೂಲ. ಅವನು ಸಾರಜನಕ ಗೊಬ್ಬರವನ್ನು ಕಡಿಮೆ ಕೊಡುತ್ತಾನೆ, ಕೊಡುವುದನ್ನೂ ಚಳಿ ಹಿಂಜರಿಯುತ್ತಿದ್ದಂತೆ ಫೆಬ್ರವರಿ ಮಾರ್ಚಿನಲ್ಲೇ ಕೊಟ್ಟು ಮುಗಿಸುತ್ತಾನೆ. ಬೇಗ ಕೊಟ್ಟ ಗೊಬ್ಬರ ಮರಿ ಒಡೆಯಲು, ಕಡ್ಡಿ ಬಲಿಯಲು ಖರ್ಚಾಗುತ್ತದೆ. ತಡವಾಗಿ ಕೊಟ್ಟದ್ದು ನೇರ ಕಾಳಿಗೆ ಹೋಗಿ ಸಾರಜನಕದ ಅಂಶವನ್ನು ಏರಿಸುತ್ತದೆ. ಪಕ್ಕದ ಹೊಲದ ಮೇವಿನ ಬಾರ್ಲಿ ಕಡು ಹಸುರಾಗಿ ನಿಂತಿರುವಾಗ ತನ್ನ ಹೊಲ ತುಸು ಹಳದಿ ತಿರುಗಿದ್ದನ್ನು ನೋಡಿಯೂ ಇನ್ನೊಂದು ಚೀಲ ಎರಚದೆ ಸುಮ್ಮನಿರುವುದು ಈ ಬೇಸಾಯದ ದೊಡ್ಡ ವಿದ್ಯೆ. ಗೊಬ್ಬರದಂಗಡಿಯಲ್ಲಿ ಸಾಲ ಸಿಗುವಷ್ಟು ದಿನ ಹಾಕುತ್ತಲೇ ಇರುವ ನಮ್ಮಲ್ಲಿ ಕೆಲವರಿಗೆ ಇದು ಸುಲಭದ ಕೆಲಸವಾಗಿ ಕಾಣಬಹುದು. ಮಾಡಿ ನೋಡಿದರೆ ಗೊತ್ತಾದೀತು.

ಮ್ಯಾರಿಸ್ ಆಟರಿಗೆ ಇನ್ನೊಂದು ಕಷ್ಟವುಂಟು. ಅದರ ಕಡ್ಡಿ ಎತ್ತರ. ಗೊಬ್ಬರ ಹೆಚ್ಚಾದರೂ, ಮಾಗುವ ಹೊತ್ತಿಗೆ ಗಾಳಿಮಳೆ ಬಂದರೂ ಪೈರು ಮಲಗುತ್ತದೆ. ಮಲಗಿದ ಪೈರಿನಲ್ಲಿ ಕಾಳು ತೆನೆಯಲ್ಲೇ ಮೊಳೆತರೆ ಮಾಲ್ಟಿನ ಆಸೆ ಬಿಟ್ಟಂತೆಯೇ. ಇಳುವರಿಯಂತೂ ಇಂದಿನ ಲೆಕ್ಕದಲ್ಲಿ ಕಡಿಮೆ. ಎಕರೆಗೆ 22 ಕ್ವಿಂಟಲ್ ಸುಮಾರು ಎಂದಿಟ್ಟುಕೊಂಡರೆ, ಈಚಿನ ಮೇವಿನ ತಳಿಗಳು 32 ಕ್ವಿಂಟಲನ್ನೂ ದಾಟುತ್ತವೆ. ಎಕರೆಗೆ ಹತ್ತು ಕ್ವಿಂಟಲ್ ಕಡಿಮೆ ಕೊಡುವ ಒಂದು ತಳಿಯನ್ನು ಲೆಕ್ಕ ಬಲ್ಲ ಇಂಗ್ಲಿಷ್ ರೈತ ಅರುವತ್ತು ವರ್ಷಗಳಿಂದ ಬಿಟ್ಟಿಲ್ಲವೇಕೆ? ನಾವು ಈ ಲೇಖನ ಬರೆಯಲು ಕಾರಣವಾದ ಪ್ರಶ್ನೆ ಇದೇ.

ಬಿಟ್ಟಿದ್ದ ಎಂಬುದೇ ಮೊದಲ ಉತ್ತರ. 1970ರ ದಶಕದಲ್ಲಿ ಈ ತಳಿ ಮೆರೆಯಿತು. 1980ರ ದಶಕದಲ್ಲಿ ಹಾಲ್ಸಿಯನ್, ಪಿಪ್ಕಿನ್ ಮುಂತಾದ ಹೊಸ ಮಾಲ್ಟ್ ತಳಿಗಳು ಬಂದವು. ದೊಡ್ಡ ಬಿಯರ್ ಕಂಪನಿಗಳಿಗೆ ಬೇಕಾದದ್ದು ಅಗ್ಗದ, ಒಂದೇ ಸಮನಾದ ಮಾಲ್ಟ್. ಹಳೆಯ ತಳಿಯ ಹೆಸರು ಅವುಗಳಿಗೆ ಬೇಕಿರಲಿಲ್ಲ. 1987ರಲ್ಲಿ ಅಲ್ಲಿನ ಸರ್ಕಾರ ಕೇಂಬ್ರಿಜ್‌ನ ಆ ಸಂಸ್ಥೆಯನ್ನೇ ಯೂನಿಲಿವರ್ ಕಂಪನಿಗೆ ಮಾರಿತು. 1989ರಲ್ಲಿ ಮ್ಯಾರಿಸ್ ಆಟರ್ ಹೆಸರು ಅಧಿಕೃತ ಪಟ್ಟಿಯಿಂದ ಹೋಯಿತು. ಅಷ್ಟರಲ್ಲಾಗಲೇ ಬೀಜವೂ ಕೆಟ್ಟಿತ್ತು. ಪ್ರಮಾಣಿತ ಬೀಜ ಬಿಟ್ಟು ಅವರಿವರು ಮನೆಯಲ್ಲಿ ಉಳಿಸಿಕೊಂಡ ಬೀಜ ಕೈಯಿಂದ ಕೈಗೆ ದಾಟಿ, ಬೇರೆ ಬಾರ್ಲಿಗಳ ಬೆರಕೆಯಾಗಿ, ಚೀಲದ ಮೇಲೆ ಮ್ಯಾರಿಸ್ ಆಟರ್ ಎಂದಿದ್ದರೂ ಒಳಗೆ ಅದೇ ಇದೆ ಎಂಬ ಭರವಸೆ ಉಳಿದಿರಲಿಲ್ಲ.

ಸದಸ್ಯರು ಇಲ್ಲಿ ಸ್ವಲ್ಪ ನಿಲ್ಲಬೇಕು. ಬಾರ್ಲಿ ಬಹುಮಟ್ಟಿಗೆ ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಅಂಥ ಬೆಳೆಯ ತಳಿಯೇ ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಬೆರಕೆಯಾಯಿತು. ಅಡಿಕೆ ಹಾಗಲ್ಲ. ಅಡಿಕೆಯ ಹಿಂಗಾರದಲ್ಲಿ ಗಂಡು ಹೂ ಮೊದಲು ಉದುರಿ ಹೋಗಿ ಹೆಣ್ಣು ಹೂ ಆಮೇಲೆ ಅರಳುವುದರಿಂದ ಪಕ್ಕದ ಮರದ, ಪಕ್ಕದ ತೋಟದ ಪರಾಗವೇ ಅದಕ್ಕೆ ಗತಿ. ವಿಟ್ಲದ ಕೇಂದ್ರದಿಂದ 1972ರಲ್ಲಿ ಬಿಡುಗಡೆಯಾದ ಮಂಗಳ ತಳಿ ಎಂದು ಹೇಳಿ ನೆಂಟರ ತೋಟದಿಂದ ತಂದ ಗೋಟಿನ ಸಸಿಯಲ್ಲಿ ಮಂಗಳದ ಅಂಶ ಎಷ್ಟು, ಊರಿನ ಅಡಿಕೆಯದು ಎಷ್ಟು ಎಂದು ಹೇಳುವವರು ಯಾರು? ರೊಬಸ್ಟಾ ಕಾಫಿಯೂ ಇದೇ ಸ್ವಭಾವದ್ದು. ಅರಾಬಿಕಾ ಮಾತ್ರ ಬಾರ್ಲಿಯಂತೆ ಹೆಚ್ಚಾಗಿ ಸ್ವಪರಾಗದ್ದು. ಆದರೆ ಎಸ್. 795 ಬ್ಲಾಕಿನಲ್ಲಿ ಸತ್ತ ಗಿಡದ ಜಾಗಕ್ಕೆ ಒಂದು ವರ್ಷ ಕಾವೇರಿ, ಇನ್ನೊಂದು ವರ್ಷ ಚಂದ್ರಗಿರಿ, ಮತ್ತೊಂದು ವರ್ಷ ನರ್ಸರಿಯವನು ಕೊಟ್ಟದ್ದು ಎಂದು ತುಂಬಿಸುತ್ತ ಬಂದರೆ ಪರಾಗದ ಹಂಗಿಲ್ಲದೆಯೇ ಬೆರಕೆ ಆಗುತ್ತದೆ.

ಮುಂದಿನ ಕಥೆ ಇನ್ನೂ ಸ್ವಾರಸ್ಯದ್ದು. ಸಣ್ಣ ಬಿಯರ್ ತಯಾರಕರು ಈ ತಳಿಯ ಮಾಲ್ಟನ್ನೇ ಕೇಳುವುದನ್ನು ನಿಲ್ಲಿಸಲಿಲ್ಲ. ಪೀಪಾಯಿಯಲ್ಲೇ ಹದಗೊಳ್ಳುವ ಹಳೆಯ ಬಗೆಯ ಏಲನ್ನು ಉಳಿಸಬೇಕೆಂದು 1971ರಲ್ಲಿ ಅಲ್ಲಿ ಗ್ರಾಹಕರೇ ಒಂದು ಚಳವಳಿ ಹೂಡಿದ್ದರು. ಅದರ ಫಲವಾಗಿ ಅಂಥ ಬಿಯರಿಗೆ ಗಿರಾಕಿ ಇದ್ದೇ ಇದ್ದರು. ಮ್ಯಾರಿಸ್ ಆಟರಿನ ಕಾಳು ಸುಲಭವಾಗಿ ಮಾಲ್ಟ್ ಆಗುತ್ತದೆ, ಪಾತ್ರೆಯಲ್ಲಿ ತಂಟೆ ಕೊಡುವುದಿಲ್ಲ ಎಂಬುದು ತಯಾರಕರ ಅನುಭವ. ಇದನ್ನು ಕಂಡ ಇಬ್ಬರು ಧಾನ್ಯ ವ್ಯಾಪಾರಿಗಳು, ನಾರ್ಫಕ್‌ನ ಎಚ್. ಬ್ಯಾನಮ್ ಎಂಬ ಸಂಸ್ಥೆ ಮತ್ತು ಹ್ಯಾಂಪ್‌ಷೈರಿನ ರಾಬಿನ್ ಆಪಲ್ ಎಂಬ ಸಂಸ್ಥೆ, 1990ರ ದಶಕದ ಆರಂಭದಲ್ಲಿ ತಳಿಯ ಉಸ್ತುವಾರಿಯನ್ನು ಕರಾರಿನ ಮೇಲೆ ವಹಿಸಿಕೊಂಡರು. ಮೊದಲು ಮಾಡಿದ ಕೆಲಸ ಬೀಜ ಶುದ್ಧಿ. ಕಲಬೆರಕೆ ತೆಗೆದು, ಶುದ್ಧ ಬೀಜವನ್ನು ಹಂತ ಹಂತವಾಗಿ ಹೆಚ್ಚಿಸಿ, ಅದನ್ನು ಕರಾರು ಬರೆದುಕೊಟ್ಟ ರೈತರಿಗೆ ಮಾತ್ರ ಕೊಡತೊಡಗಿದರು. 2002ರಲ್ಲಿ ತಳಿಯ ಪೂರ್ಣ ಹಕ್ಕನ್ನೇ ಕೊಂಡುಕೊಂಡರು. ಅದೇ 2002ರಲ್ಲಿ ಅಲ್ಲಿನ ಸರ್ಕಾರ ಸಣ್ಣ ಬಿಯರ್ ತಯಾರಕರಿಗೆ ಸುಂಕದಲ್ಲಿ ರಿಯಾಯಿತಿ ಕೊಟ್ಟು, ಊರೂರಿನಲ್ಲಿ ಚಿಕ್ಕ ತಯಾರಿಕಾ ಮನೆಗಳು ಎದ್ದವು. ಬೇಡಿಕೆ ತಾನಾಗಿ ಬಂತು. 2015ರಲ್ಲಿ ನಾರಿಚ್ ನಗರದಲ್ಲಿ ಈ ತಳಿಗೆ ಐವತ್ತು ವರ್ಷ ತುಂಬಿತೆಂದು ಹಬ್ಬವನ್ನೇ ಮಾಡಿದರು. ಒಂದು ಧಾನ್ಯದ ತಳಿಗೆ ಹುಟ್ಟುಹಬ್ಬ!

ಈಗ ರೈತನಿಗೂ ಖರೀದಿದಾರನಿಗೂ ಇರುವ ಕರಾರನ್ನು ನೋಡೋಣ. ನಮ್ಮ ಅಡಿಕೆ ಚೇಣಿಯೂ ಒಂದು ಕರಾರೇ. ಗೊನೆ ಮರದ ಮೇಲಿರುವಾಗಲೇ ದರ ನಿಗದಿಯಾಗುತ್ತದೆ, ತೂಕ ಹಾಕುವ ದಿನ ಜಗಳವೂ ನಿಗದಿಯಾಗುತ್ತದೆ. ಮಾಲ್ಟ್ ಬಾರ್ಲಿಯ ಕರಾರು ಬಿತ್ತುವ ಮೊದಲೇ ಆಗುತ್ತದೆ. ಯಾವ ತಳಿ, ಯಾವ ಬೀಜ, ಸಾರಜನಕ ಎಷ್ಟರೊಳಗೆ, ತೇವ ಎಷ್ಟರೊಳಗೆ, ಜಳ್ಳು ಎಷ್ಟರವರೆಗೆ ನಡೆಯುತ್ತದೆ ಎಂಬುದೆಲ್ಲ ಕಾಗದದ ಮೇಲಿರುತ್ತದೆ. ಇದಕ್ಕೆ ಪ್ರತಿಯಾಗಿ ಮೇವಿನ ಬಾರ್ಲಿಯ ಪೇಟೆ ದರದ ಮೇಲೆ ಇಷ್ಟು ಹೆಚ್ಚುವರಿ ಎಂದು ಕೊಡುತ್ತಾರೆ. ಹತ್ತು ಕ್ವಿಂಟಲ್ ನಷ್ಟವನ್ನು ಆ ಹೆಚ್ಚುವರಿಯೂ, ಗೊಬ್ಬರದ ಉಳಿತಾಯವೂ ಸೇರಿ ತುಂಬಿಕೊಡಬೇಕು. ತುಂಬಿಕೊಡದ ವರ್ಷ ರೈತ ಕರಾರಿಗೆ ಬರುವುದಿಲ್ಲ, ಅಷ್ಟೇ. ಹಳೆಯ ತಳಿಯ ಮೇಲಿನ ಮಮತೆಗೆ ಯಾರೂ ನಷ್ಟ ಮಾಡಿಕೊಂಡು ಬೆಳೆಯುತ್ತಿಲ್ಲ.

ಇದರ ಇನ್ನೊಂದು ಮುಖವನ್ನು ಮರೆಮಾಚುವುದು ಸರಿಯಲ್ಲ. ಸಾರಜನಕ 1.65ರ ಬದಲು 1.8 ಬಂದರೆ, ಕಾಳು ಮೊಳೆಯದಿದ್ದರೆ ಲೋಡ್ ವಾಪಸಾಗಿ ಮೇವಿನ ದರಕ್ಕೆ ಹೋಗುತ್ತದೆ. ಒಣ ಬೇಸಗೆಯಲ್ಲಿ ಕಾಳು ತುಂಬದೆ ಸಾರಜನಕ ಏರುವುದು ರೈತನ ತಪ್ಪಲ್ಲ. ಆದರೂ ನಷ್ಟ ಅವನದೇ. ಇಳುವರಿಯೂ ಇಲ್ಲ, ಹೆಚ್ಚುವರಿಯೂ ಇಲ್ಲ ಎಂಬ ಎರಡೂ ಕಡೆಯ ಪೆಟ್ಟು. ಗುಣಮಟ್ಟದ ಬೆಲೆ ಬೇಕೆನ್ನುವವರು ಈ ಪೆಟ್ಟಿಗೂ ಸಿದ್ಧರಿರಬೇಕು. ನಮ್ಮ ಸಭೆಗಳಲ್ಲಿ ಮೊದಲನೆಯದನ್ನು ಕೇಳುವವರೇ ಹೆಚ್ಚು, ಎರಡನೆಯದರ ಮಾತು ಬಂದಾಗ ಕಾಫಿ ಕುಡಿಯಲು ಏಳುತ್ತಾರೆ.

ಮ್ಯಾರಿಸ್ ಆಟರಿನಿಂದಲೇ ಬಿಯರಿಗೆ ರುಚಿ ಬರುತ್ತದೆ ಎಂಬ ಮಾತನ್ನು ಬಲವಾಗಿ ಹೇಳುವವರಿದ್ದಾರೆ, ಅದು ಬರಿಯ ಹೆಸರಿನ ಮೋಹವೆನ್ನುವವರೂ ಇದ್ದಾರೆ. ಬೆಳೆಗಾರನಿಗೆ ಆ ಜಗಳ ಮುಖ್ಯವಲ್ಲ ಎಂಬುದು ನಮ್ಮ ಅಭಿಪ್ರಾಯ. ಚೀಲದ ಮೇಲೆ ಬರೆದದ್ದೇ ಒಳಗಿದೆ ಎಂದು ಕೊಳ್ಳುವವನಿಗೆ ಸಂಶಯವಿಲ್ಲ, ಆ ನಿಸ್ಸಂಶಯಕ್ಕೆ ಅವನು ದುಡ್ಡು ಕೊಡುತ್ತಾನೆ. ವಿಲ್ಟ್‌ಷೈರಿನ ವಾರ್ಮಿನ್‌ಸ್ಟರ್‌ನಲ್ಲಿ 1855ರಲ್ಲಿ ಕಟ್ಟಿದ ಒಂದು ಮಾಲ್ಟ್ ಮನೆ ಇಂದಿಗೂ ಕಾಳನ್ನು ನೆಲದ ಮೇಲೆ ಹರಡಿ, ಕೈಯಾಳುಗಳಿಂದ ಮಗುಚಿಸಿಯೇ ಮೊಳೆಯಿಸುತ್ತದೆ. ಕಣದಲ್ಲಿ ಪಾರ್ಚ್‌ಮೆಂಟ್ ಹರಡಿ ಗಂಟೆಗೊಮ್ಮೆ ಎಳೆಯುವ ನಮ್ಮವರು ಅಲ್ಲಿ ಹೋದರೆ ಕೆಲಸ ಕಲಿಯಬೇಕಾದೀತೆಂದು ತೋರುವುದಿಲ್ಲ. ಅಲ್ಲಿ ಚೀಲ ಯಾವ ಹೊಲದ್ದೆಂದು ಕೇಳಿದರೆ ಹೇಳುತ್ತಾರೆ. ನಾರ್ಫಕ್‌ನಲ್ಲಿ, ತನ್ನ ಹೊಲದ ಬಾರ್ಲಿ ಹೋದ ತಯಾರಕರ ಬಿಯರನ್ನೇ ತಂದು ತನ್ನ ಕೊಟ್ಟಿಗೆಯಲ್ಲಿ ಅಂಗಡಿ ಇಟ್ಟು ಮಾರಿದ ಗೇಣಿದಾರ ರೈತನೂ ಉಂಟು.

ನಮ್ಮ ಎಸ್. 795ರ ಸ್ಥಿತಿಗೆ ಬರೋಣ. ಕೆಂಟ್ ಎಂಬ ಆಂಗ್ಲ ಪ್ಲಾಂಟರು ಮೈಸೂರು ಸೀಮೆಯ ತಮ್ಮ ತೋಟದಲ್ಲಿ ಆರಿಸಿದ ಕೆಂಟ್ಸ್ ಕಾಫಿಗೂ, ಎಸ್. 288ಕ್ಕೂ ಸಂಕರ ಮಾಡಿ 1940ರ ದಶಕದಲ್ಲಿ ಬಾಳೆಹೊನ್ನೂರಿನಲ್ಲಿ ಎಬ್ಬಿಸಿದ ತಳಿ ಅದು. ವಯಸ್ಸಿನಲ್ಲಿ ಮ್ಯಾರಿಸ್ ಆಟರಿಗಿಂತ ಹಿರಿಯದು. ತುಕ್ಕು ತಡೆಯುವ ಶಕ್ತಿ ಕಾಲಕ್ರಮೇಣ ಕುಗ್ಗಿದರೂ ಬಟ್ಟಲಿನ ಗುಣ ಕುಗ್ಗಿಲ್ಲ. 1985ರಲ್ಲಿ ಕಾವೇರಿ ಬಂದಾಗ ಕುಳ್ಳ ಗಿಡ, ಬೇಗ ಫಸಲು, ತುಕ್ಕಿಲ್ಲ ಎಂದು ಎಷ್ಟೋ ಜನ ಹಳೆಯ ಬ್ಲಾಕುಗಳನ್ನು ಕಿತ್ತರು. ಕಾವೇರಿಗೂ ತುಕ್ಕು ಹತ್ತಿದ್ದು ಎಲ್ಲರಿಗೂ ಗೊತ್ತು. ಇಷ್ಟಾದರೂ ಎಸ್. 795 ಎಂಬ ಹೆಸರಿಗೆ ಪೇಟೆಯಲ್ಲಿ ಸಿಗುವುದೇನು? ಸಣ್ಣ ಬೆಳೆಗಾರನ ಪಾಲಿಗೆ ಏನೂ ಇಲ್ಲ. ಕಾಫಿ ಮಂಡಳಿಯ ಪೂಲ್ ಇದ್ದ ಕಾಲದಲ್ಲಿ ಎಲ್ಲರ ಕಾಫಿಯೂ ಒಂದೇ ರಾಶಿಗೆ ಹೋಗುತ್ತಿತ್ತು, ಹೆಸರು ಕಟ್ಟಿಕೊಳ್ಳುವ ಮಾತೇ ಇರಲಿಲ್ಲ. 1996ರಲ್ಲಿ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಅಂದಿನಿಂದ ರಾಶಿ ಮಾಡುವವರು ಬೇರೆಯಾದರು. ರಾಶಿ ಹಾಗೆಯೇ ಉಳಿಯಿತು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರಾಬಿಕಾಗಳಿಗೆ ಭೌಗೋಳಿಕ ಗುರುತು ಸಿಕ್ಕಿತು, ಸಂತೋಷ. ಅದು ಊರಿನ ಹೆಸರು, ತಳಿಯದಲ್ಲ. ಒಬ್ಬ ಖರೀದಿದಾರರು ಸಂಘದ ನಮೂನೆ ಕುಡಿದು ನೋಡಿ ಮೆಚ್ಚಿ, "ಇದು ಪೂರಾ 795 ಆದರೆ ದರ ಬೇರೆ ಮಾತಾಡೋಣ" ಎಂದಿದ್ದರು. ಪೂರಾ ಎಂದು ಎದೆ ಮುಟ್ಟಿ ಹೇಳಲು ಬ್ಲಾಕುವಾರು ಲೆಕ್ಕ ಬೇಕು. ಆ ಲೆಕ್ಕ ನಮ್ಮ ಯಾವ ಸದಸ್ಯರಲ್ಲೂ ಇಲ್ಲ. ಮಾತು ಅಲ್ಲಿಗೇ ನಿಂತಿತು.

ಮ್ಯಾರಿಸ್ ಆಟರಿನ ಏರ್ಪಾಡಿನಲ್ಲಿ ನಮಗೆ ಒಪ್ಪದ ಒಂದು ಅಂಶವಿದೆ. ತಳಿಯ ಒಡೆತನ ವ್ಯಾಪಾರಿಗಳದು. ರೈತ ಬಿತ್ತುವವನು ಮಾತ್ರ. ಯಾರಿಗೆ ಬೀಜ, ಎಷ್ಟು ಎಕರೆ ಎಂದು ತೀರ್ಮಾನಿಸುವವರು ಬೇರೆ. ಎಕರೆ ಮಿತಿಯಲ್ಲಿಟ್ಟದ್ದರಿಂದಲೇ ಹೆಚ್ಚುವರಿ ಬೆಲೆ ನಿಂತಿದೆ ಎಂಬುದು ನಿಜ. ಆದರೆ ಆ ಮಿತಿಯನ್ನು ಹಾಕುವ ಕೈ ಬೆಳೆಗಾರನದಾಗಿದ್ದರೆ ಇನ್ನೂ ಚೆನ್ನಾಗಿತ್ತು. ನಮ್ಮ ದೇಶದ 2001ರ ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, ಬೀಜವನ್ನು ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತನಿಗೇ ಬಿಟ್ಟಿದೆ. ಎಸ್. 795ರ ಬೀಜವನ್ನು ಬಾಳೆಹೊನ್ನೂರಿನ ಕೇಂದ್ರ ಅರ್ಜಿ ಹಾಕಿದ ಬೆಳೆಗಾರರಿಗೆ ಕೊಡುತ್ತದೆ. ಹೀಗಿರುವಾಗ ಅಲ್ಲಿ ಇಬ್ಬರು ವ್ಯಾಪಾರಿಗಳು ಮಾಡಿದ ಕೆಲಸವನ್ನು ಇಲ್ಲಿ ಸಹಕಾರ ಸಂಘ ಏಕೆ ಮಾಡಬಾರದು? ನಾವಲ್ಲದೆ ಇನ್ಯಾರೋ ಮಾಡಿದರೆ ಆಗ ಹೆಸರು ಅವರದು, ಬಿಸಿಲಲ್ಲಿ ನಿಂತವರು ನಾವು.

ಎಲ್ಲರೂ ಹಳೆಯ ಗಿಡಗಳನ್ನು ತಬ್ಬಿಕೊಂಡು ಕೂರಬೇಕೆಂದು ನಾವು ಹೇಳುತ್ತಿಲ್ಲ. ತೀರ ತಗ್ಗಿನ, ಬಿಸಿಲು ಹೊಡೆಯುವ, ನೆರಳು ಹೋದ ಬ್ಲಾಕುಗಳಲ್ಲಿ ಬೋರರ್ ಹತ್ತಿ ಅರ್ಧಕ್ಕರ್ಧ ಗಿಡ ಹೋಗಿದ್ದರೆ ಅಂಥಲ್ಲಿ ರೊಬಸ್ಟಾ ನೆಡುವುದೇ ವಿವೇಕ. ಬಾರ್ಲಿಯವನೂ ಜೇಡಿ ಮಣ್ಣಿನಲ್ಲಿ ಮಾಲ್ಟಿನ ಆಸೆ ಇಟ್ಟುಕೊಳ್ಳುವುದಿಲ್ಲ. ಎತ್ತರದಲ್ಲಿ, ಒಳ್ಳೆಯ ನೆರಳಿನಡಿ, ಗಿಡ ಗಟ್ಟಿಯಾಗಿರುವ ಬ್ಲಾಕುಗಳ ಮಾತು ನಮ್ಮದು. ಅಂಥ ಬ್ಲಾಕನ್ನು ಈ ಎರಡು ವರ್ಷದ ದರ ನೋಡಿ ಕಿತ್ತರೆ, ಮತ್ತೆ ನೆಟ್ಟು ಫಸಲು ಕಾಣಲು ನಾಲ್ಕೈದು ವರ್ಷ ಬೇಕು. ಬಾರ್ಲಿಯ ರೈತ ಪ್ರತಿ ಅಕ್ಟೋಬರಿನಲ್ಲಿ ಮನಸ್ಸು ಬದಲಿಸಬಹುದು, ನಮಗೆ ಆ ಸೌಕರ್ಯ ಇಲ್ಲ.

ಮೂರು ಎಕರೆಯವನೊಬ್ಬ ತನ್ನ ಹತ್ತು ಚೀಲ ಪಾರ್ಚ್‌ಮೆಂಟನ್ನು ಬೇರೆ ಇಟ್ಟುಕೊಂಡು ಖರೀದಿದಾರನ ಬಾಗಿಲಿಗೆ ಹೋದರೆ ಯಾರೂ ಕೂರಿಸಿ ಮಾತಾಡುವುದಿಲ್ಲ. ಅಂಥ ಮೂವತ್ತು ಮಂದಿಯ ಕಾಫಿ ಒಂದೇ ಹೆಸರಿನಲ್ಲಿ, ಒಂದೇ ಹದದಲ್ಲಿ ಸೇರಿದರೆ ಆಗ ಅದು ವ್ಯಾಪಾರ. ಇದರ ಖರ್ಚನ್ನೂ ಹೇಳಬೇಕು. ಬೇರೆ ಬೇರೆ ಕೊಯ್ಯಬೇಕು, ಹಣ್ಣನ್ನೇ ಆರಿಸಬೇಕು, ಪಲ್ಪರಿಗೆ ಹಾಕುವ ಮೊದಲು ತೊಳೆದು ಹಿಂದಿನ ಕಾಫಿ ಉಳಿಯದಂತೆ ನೋಡಬೇಕು, ಕಣದಲ್ಲಿ ಬೇರೆ ಜಾಗ ಬೇಕು, ಗೋದಾಮಿನಲ್ಲಿ ಬೇರೆ ಅಟ್ಟಿ ಬೇಕು, ಕ್ಯೂರಿಂಗಿಗೂ ಬೇರೆ ಲಾಟಾಗಿ ಕಳಿಸಬೇಕು. ಚೀಲಕ್ಕೆ ಇಷ್ಟು ಹೆಚ್ಚುವರಿ ಎಂದು ಕೊಯ್ಲಿಗೆ ಮೊದಲೇ ಬರಹದಲ್ಲಿ ಒಪ್ಪಿಕೊಳ್ಳುವ ಖರೀದಿದಾರ ಸಿಗುವವರೆಗೆ ಈ ಖರ್ಚಿಗೆ ಇಳಿಯಬಾರದೆಂಬುದು ನಮ್ಮ ಖಚಿತ ಸಲಹೆ. ಬಾಯಿಮಾತಿನ ಭರವಸೆಯ ಮೇಲೆ ಬೇರೆ ಮಾಡಿಟ್ಟು ಕೊನೆಗೆ ರಾಶಿ ದರಕ್ಕೆ ಕೊಟ್ಟವರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ.

ಆದ್ದರಿಂದ ಮೊದಲ ಹೆಜ್ಜೆಯಾಗಿ ಖರ್ಚಿಲ್ಲದ ಕೆಲಸವೊಂದನ್ನು ಸದಸ್ಯರಿಗೆ ಸೂಚಿಸುತ್ತಿದ್ದೇವೆ. ಸಂಘದ ಕಚೇರಿಯಲ್ಲಿ ತಳಿವಾರು ಬ್ಲಾಕುಗಳ ಒಂದು ರಿಜಿಸ್ಟರ್ ತೆರೆಯಲಾಗಿದೆ. ತಮ್ಮ ತೋಟದ ಪ್ರತಿ ಅರಾಬಿಕಾ ಬ್ಲಾಕಿನ ವಿಸ್ತೀರ್ಣ, ನೆಟ್ಟ ವರ್ಷ, ಬೀಜ ಅಥವಾ ಸಸಿ ತಂದ ಜಾಗ, ಈಚೆಗೆ ತುಂಬಿಸಿದ ಗಿಡಗಳು ಯಾವ ತಳಿಯವು ಎಂಬುದನ್ನು ನೆನಪಿದ್ದಷ್ಟು ಬರೆಸಬೇಕು. ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳುವುದು ಒಳ್ಳೆಯದು, ನರ್ಸರಿಯ ಹಳೆಯ ರಸೀದಿ ಇದ್ದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಸತ್ತ ಗಿಡಗಳ ಜಾಗ ತುಂಬಿಸುವವರು ಎಸ್. 795 ಬ್ಲಾಕಿಗೆ ಅದೇ ತಳಿಯ ಸಸಿಯನ್ನೇ ಹಾಕಲಿ. ಬೀಜಕ್ಕಾಗಿ ಬಾಳೆಹೊನ್ನೂರಿಗೆ ಒಟ್ಟಾಗಿ ಅರ್ಜಿ ಕಳಿಸಲು ಸಂಘ ಸಿದ್ಧವಿದೆ. ಅಡಿಕೆಯವರೂ ತಾಯಿಮರಗಳ ವಿವರವನ್ನು ಅದೇ ರಿಜಿಸ್ಟರಿನ ಹಿಂಭಾಗದಲ್ಲಿ ಬರೆಸಬಹುದು. ಮುಂದಿನ ವಾರ್ಷಿಕ ಮಹಾಸಭೆಯ ಹೊತ್ತಿಗೆ ಎಷ್ಟು ಎಕರೆ ದಾಖಲಾಗಿದೆ ಎಂಬ ಲೆಕ್ಕವನ್ನು ಸಭೆಯ ಮುಂದಿಡುತ್ತೇವೆ. ಖರೀದಿದಾರರೊಡನೆ ಮಾತಿಗೆ ಕೂರುವುದೋ ಬೇಡವೋ ಎಂಬುದನ್ನು ಆ ಲೆಕ್ಕ ನೋಡಿ ಸದಸ್ಯರೇ ತೀರ್ಮಾನಿಸಲಿ.